ರೆಂಜೊನ ಹ್ಯಾಂಡಲ್

...ಬೇಡ, ಆ ಗಂಟು ಬಿಚ್ಚಬೇಡ, ಲೊರೆದಾನಾ. ಮೇಜಿನ ಮೇಲೆ ಹಾಗೇ ಇರಲಿ. ಸವಾರೀಲಿ ಸೈಕಲ್ ಹ್ಯಾಂಡಲ್ ಮುರಿದು ನಿನ್ನ ಗಂಡ ರೆಂಜೊ ಹೋಗಿ ಇನ್ನೂ ಒಂಬತ್ತು ದಿನ. ಅದನ್ನ ನೋಡೋ ಶಕ್ತಿ ನನಗಿಲ್ಲ. ಕೂತ್ಕೋ. ಕಾಫಿ ಇಡ್ತೀನಿ... ಬೇಡವಾ? ಸರಿ.

ನನ್ನ ಕೈ ಯಾಕೆ ನೋಡ್ತೀಯಾ? ಕಾಸ್ಟಿಕ್ ಸೋಡಾ ತಿಂದ ಕೈ ಇದು. ಗಂಡ ಸತ್ತ ಮೇಲೆ ಇಪ್ಪತ್ತಾರು ವರ್ಷ ಈ ಪಾಲಿಶ್ ಅಂಗಡಿ ನಡೆಸಿದೀನಿ. ಎರ್ಸೀಲಿಯಾ ಮುಟ್ಟಿದ ಅಲ್ಯೂಮಿನಿಯಂ ಕನ್ನಡಿ ಆಗುತ್ತೆ ಅಂತ ಸಿಯೆನಾ ಪಟ್ಟಣದವರೆಗೂ ಮಾತು. ರೆಂಜೊನೂ ಅದನ್ನೇ ಕೇಳಿದ. ಅವನಪ್ಪನ ಕಾಲದ ಹ್ಯಾಂಡಲ್, ಮಂಕು ಬೂದಿ ಬಣ್ಣ. 'ಎರ್ಸೀಲಿಯಾ ಅತ್ತೆ, ಹಳೇ ಸೈಕಲ್‌ಗಳ ಸವಾರಿಗೆ ಇನ್ನು ನಾಲ್ಕೇ ದಿನ. ಬಿಳಿ ಮಣ್ಣಿನ ದಾರೀಲಿ ಇದರಲ್ಲಿ ನನ್ನ ಮುಖ ಕಾಣಬೇಕು' ಅಂದ. 'ಆ ಮುಖ ಕಂಡರೆ ದಾರೀಲಿ ಸವಾರರಿಗೆ ವೈನ್ ಕೊಡೋರೂ ಕೊಡಲ್ಲ ಕಣೋ' ಅಂದೆ.

ನಗ್ತಾ ಇದೀಯಾ? ಅಲ್ಲ... ನಗು ಅಲ್ಲ ಅದು.

ನಾನು ಮಾಡಿದ್ದು ಎಲ್ಲರಿಗೂ ಮಾಡೋದೇ. ಸೋಡಾ ನೀರಲ್ಲಿ ಅದ್ದಿದೆ. ಕಾರ್ಖಾನೆಯವರು ಕೂರಿಸಿದ್ದ ಗಟ್ಟಿ ಪದರ ನೊರೆಯಾಗಿ ಹೋಯ್ತು. ತೊಳೆದೆ. ಒರಟು ಉಪ್ಪುಕಾಗದ, ಆಮೇಲೆ ನುಣ್ಣನೇದು, ಕೊನೆಗೆ ಹೊಳಪಿಗೆ ಬಟ್ಟೆಚಕ್ರ. ಎರಡು ದಿನದ ಕೆಲಸ. ಹಳೇ ಲೋಹಕ್ಕೂ ಆಯಸ್ಸು ಅಂತ ಇರುತ್ತೆ, ತಾಯಿ. ಯಾವ ಇಳಿಜಾರಲ್ಲಿ ತೀರುತ್ತೋ ಯಾರು ಬಲ್ಲರು? ದೇವರ ಚಿತ್ತ ಅಂತ ಪಾದ್ರಿಗಳೇ ಅಂದರಲ್ಲ. ಅದರಲ್ಲೂ ಎಡಗಡೆ, ಬೋಲ್ಟು ಬಿಗಿಯೋ ಜಾಗದಿಂದ ಎರಡು ಬೆರಳು ಆಚೆ, ಅಲ್ಲಿ ಮುರಿದರೆ ಎಂಥವನಿಗೂ ಸಾವರಿಸಿಕೊಳ್ಳೋಕೆ...

ಏನು? ಯಾಕೆ ಹಾಗೆ ನೋಡ್ತೀಯಾ?

ಎಲ್ಲಿ ಮುರೀತು ಅಂತ ನೀನೇ ಹೇಳಿದೆಯಲ್ಲ... ಹೇಳಲಿಲ್ವಾ? ಹಾಗಾದರೆ ಊರವರು ಯಾರೋ ಹೇಳಿರಬೇಕು. ತಲೆ ಅಲ್ಲಾಡಿಸಬೇಡ. ಇವತ್ತೇ ಪೊಲೀಸರಿಂದ ತಗೊಂಡು ಬಂದೆಯಾ? ಅಲ್ಲಿಂದ ನೇರ ಇಲ್ಲಿಗೆ? ಹಾಗಾದರೆ ಊರಲ್ಲಿ ಯಾರೂ ನೋಡೇ ಇಲ್ಲ...

ಗಂಟು ಇನ್ನೂ ಹಾಗೇ ಇದೆ.

ಬೈಯಿ, ಲೊರೆದಾನಾ. ಏನಾದರೂ ಅನ್ನು.

...ಕೂದಲೆಳೆಯಷ್ಟು ಬಿರುಕಿತ್ತು. ಪದರ ಹೋದ ಮೇಲೆ ಕಪ್ಪಗೆ ಕಂಡಿತು. ಉಗುರು ಆಡಿಸಿದೆ, ಸಿಕ್ಕಿಕೊಳ್ತು. ಹೇಳಿದ್ದರೆ ಅವನು ಅದನ್ನ ಗೋಡೆಗೆ ತೂಗುಹಾಕಿ, ಬೇರೆ ಹ್ಯಾಂಡಲ್ ಹಾಕ್ಕೊಂಡು ಹೋಗ್ತಿದ್ದ. ಎರ್ಸೀಲಿಯಾ ಕೈಲೂ ಆಗದ್ದು ಒಂದಿತ್ತು ಅಂತ ನಾಲ್ಕು ಜನರ ಮುಂದೆ ಅಂತಿದ್ದ, ಅಷ್ಟೇ.

ಉಜ್ಜಿದೆ. ಕಾಣದ ಹಾಗೆ ಉಜ್ಜಿದೆ.

ಈಗ ಬಿಚ್ಚು.