ಕೊನೇ ಕಂತಿಗೆ ಮೊದಲು

…ಅಲ್ಲಣ್ಣ, ಸಿಕ್ಕಿಬೀಳಲೇಬೇಕು ಅಂತ ಯಾಕಷ್ಟು ಹಟ ನಿಂಗೆ? ಸೀರಿಯಲ್‌ನ ಆ ಕಂಟ್ರಾಕ್ಟರ್ ಸಿಕ್ಕಿಬಿದ್ರೆ ಅವನ ಕಾರು ಗುದ್ದಿ ಸತ್ತ ನರ್ಸ್ ಎದ್ದು ಬರ್ತಾಳಾ? ಏನು… ಬಟ್ಟೆ ಕತ್ತರಿಸೋದು ಬಿಟ್ಟು ಕತ್ತರಿ ತೋರಿಸಿ ಹೆದರಿಸ್ತೀಯಾ! ಹೆದರಿಸು, ಹೆದರಿಸು. ಮೆಕ್ಯಾನಿಕ್ ತಲೇಲಿ ಬರೀ ಗ್ರೀಸೇ ಇರೋದು ಅಂದ್ಕೊಂಡಿದ್ದೀಯ ನೀನು. ನಾನೂ ಸೀರಿಯಲ್ ನೋಡ್ತೀನಪ್ಪ, ನಾನೂ ಯೋಚ್ನೆ ಮಾಡ್ತೀನಿ.

ಇವತ್ತು ಎಂಟು ಗಂಟೆಗೆ ಕೊನೇ ಕಂತು. ಎಲ್ಲರ ಬಾಯಲ್ಲೂ ಅದೇ. ಗ್ಯಾರೇಜಿಗೆ ಬಂದೋರು ಬ್ರೇಕ್ ಸರಿಯಾಯ್ತಾ ಅಂತ ಕೇಳಲ್ಲ, "ಅವ್ನು ಸಿಗ್ತಾನಾ?" ಅಂತಾರೆ. ಬೇಕರಿಯವನು ಗಲ್ಲೇ ಆಗ್ಬೇಕು ಅಂತಾನೆ. ಬಸ್ ಕಂಡಕ್ಟರಮ್ಮ ಇದ್ದಾಳಲ್ಲ, ಅವಳು ಬೇಡ ಅಂತಾಳೆ, ಕಟ್ಕೊಂಡ ಹೆಂಡ್ತೀನೇ ಅವನಿಗೆ ವಿಷ ಹಾಕ್ಬೇಕಂತೆ! ಇಬ್ರೂ ನನ್ನ ಮುಂದೇನೇ ಜುಟ್ಟು ಜುಟ್ಟು ಹಿಡ್ಕೊಳ್ಳೋದೊಂದು ಬಾಕಿ. ಬೇಕರಿಯವನಿಗೆ ಜುಟ್ಟೇ ಇಲ್ಲ, ಅದು ಬೇರೆ ಮಾತು… ನಕ್ಕೆಯಾ? ನಗು, ನಗು. ನೀನು ನಕ್ಕಿದ್ದು ನೋಡಿ ಎಷ್ಟು ದಿನ ಆಯ್ತು.

ಟಿ.ವಿ.ಯವರು ಓಟು ಕೇಳಿದ್ರಲ್ಲ. ಫೋನಲ್ಲಿ ಒಂದು ಒತ್ತಿದ್ರೆ ಸಿಕ್ಕಿಬೀಳ್ತಾನೆ, ಎರಡು ಒತ್ತಿದ್ರೆ ತಪ್ಪಿಸ್ಕೊಳ್ತಾನೆ. ನಾನು ಎರಡು ಒತ್ತಿದೆ. ಹೂಂ, ಎರಡು. ಒಂದ್ಸಲ ಅಲ್ಲ, ದಿನಾ ಒತ್ತಿದೆ… ಯಾಕೆ ಹಾಗೆ ದುರುಗುಟ್ಕೊಂಡು ನೋಡ್ತೀಯ?

ನಿಜವಾಗ್ಲೂ ಹೇಳು, ಯಾರಣ್ಣ ಸಿಕ್ಕಿಬೀಳ್ತಾರೆ? ಅತ್ತಿಗೆ ಹೋಗಿ ಎರಡು ವರ್ಷ ಆಯ್ತು. ಬೆಳಗಿನ ಜಾವ ಹಾಲಿಗೆ ಅಂತ ಹೋದೋರು. ಗುದ್ದಿದ ಗಾಡಿ ಯಾವ್ದು, ಅದರ ಬಣ್ಣ ಯಾವ್ದು, ಕಂಡೋರೇ ಇಲ್ಲ. ಠಾಣೆಗೆ ಅಲೆದೂ ಅಲೆದೂ ನಿನ್ನ ಚಪ್ಪಲಿ ಸವೀತು. ನಾನೂ ಬರ್ತಿದ್ನಲ್ಲ ಜೊತೆಗೆ… ಏನು ಸಿಕ್ತು? ಫೈಲು ಮುಚ್ಚಿದ್ರು, ಅಷ್ಟೇ. ಸಾಯಂಕಾಲ ನೀನೊಬ್ಬನೇ ಗೋಡೆ ನೋಡ್ಕೊಂಡು ಕೂರಬಾರ್ದು ಅಂತ ನಾನೇ ಈ ಟಿ.ವಿ. ತಂದಿಟ್ಟೆ. ಅದರಲ್ಲಿ ಸುಳ್ಳು ನ್ಯಾಯ ನೋಡಿ ನೀನು ಸಮಾಧಾನ ಮಾಡ್ಕೊಳ್ಳೋದು ನಂಗೆ ನೋಡಕ್ಕಾಗಲ್ಲ.

ಏನಂದೆ?… ಗುದ್ದಿದವನಿಗಿಂತ ಮುಚ್ಚಿಟ್ಟವನೇ ದೊಡ್ಡ ಪಾಪಿ? ಅದ್ಹೇಗಣ್ಣ! ಸ್ಟೇರಿಂಗ್ ಹಿಡಿದಿದ್ದೋನು ಅವನು, ಪಾಪ ಇವನ ತಲೆಗಾ? ಬಂಪರ್ ಬಿಚ್ಚಿದವನದ್ದೇನು ತಪ್ಪು? ಬೆಳಗಾಗ್ತಿದ್ದಂಗೆ ಗಾಡಿ ತಂದು ನಿಲ್ಲಿಸ್ತಾರೆ. ನಾಯಿ ಅಡ್ಡ ಬಂತು ಅಂತಾರೆ. ಇವನು ಡೆಂಟ್ ಎತ್ತಿ, ಉಜ್ಜಿ, ಬಣ್ಣ ಹೊಡೀತಾನೆ. ಇವನ ಕಸುಬೇ ಅದು! ಇವನಿಗೇನು ಗೊತ್ತು, ಪಾಪ…

ಯಾಕೆ ಕತ್ತರಿ ನಿಲ್ಲಿಸ್ದೆ?

ಸೀರಿಯಲ್‌ನಲ್ಲಿ… ಹೌದಲ್ಲ. ಸೀರಿಯಲ್‌ನಲ್ಲಿ ಕಾರನ್ನ ಕಲ್ಲುಕ್ವಾರಿ ನೀರಿಗೆ ತಳ್ಳಿದ್ರು. ರಿಪೇರಿಗೆ ತರಲೇ ಇಲ್ಲ. ಹೌದು, ಹೌದು. ನಾನು ಬೇರೆ ಯಾವ್ದೋ ಸೀರಿಯಲ್ ಸೇರಿಸ್ಬಿಟ್ಟೆ. ವಯಸ್ಸಾಯ್ತು ನೋಡು, ಅರಳುಮರಳು… 

ಗೊತ್ತು. ನಾವು ನೋಡೋದು ಇದೊಂದೇ ಸೀರಿಯಲ್. ಗೊತ್ತಣ್ಣ.

ಹಾಗೆ ನೋಡ್ಬೇಡ. ಏನಾದ್ರೂ ಅನ್ನು. ಬೈಯಿ. ಹದಿನೈದು ವರ್ಷದಿಂದ ಗೋಡೆಗೆ ಗೋಡೆ ಅಂಟಿಸ್ಕೊಂಡು ಅಂಗಡಿ ಇಟ್ಕೊಂಡಿದ್ದೀವಿ, ಒಂದು ಮಾತಾಡಕ್ಕೂ… 

ನನ್ನ ತಂಗಿ ಗಂಡ. ಅವನೇ. ಅವತ್ತು ಗಾಡಿ ತಂದ. ತಂಗಿಗೆ ಆಗ ಏಳು ತಿಂಗಳು ಅಣ್ಣ. ಇವನು ಜೈಲಿಗೆ ಹೋದ್ರೆ ಅವಳ ಗತಿಯೇನು ಅಂತ… ನಾನು ಆ ಮುಂಭಾಗ ಎಲ್ಲ ಬಿಚ್ಚಿ ತೊಳೀತಿದ್ದೆ. ಒಳಗೆ ಒಂದು ಬಟ್ಟೆ ತುಂಡು ಸಿಕ್ಕಾಕ್ಕೊಂಡಿತ್ತು. ಹಸಿರು ಬಟ್ಟೆ, ಅಂಚಿಗೆ ಕೈಹೊಲಿಗೆ. ಎರಡು ಸಣ್ಣದು, ಒಂದು ಉದ್ದ. ಎರಡು ಸಣ್ಣದು, ಒಂದು ಉದ್ದ. ಹಾಗೆ ಹೊಲಿಯೋದು ಈ ಬೀದೀಲಿ ಯಾರು ಅಂತ ನಂಗೊತ್ತಿಲ್ವಾ? ನನ್ನ ಅಂಗಿ ಕಾಲರಲ್ಲೂ ಅದೇ ಹೊಲಿಗೆ. ಅದನ್ನ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ, ಅಷ್ಟೊತ್ತಿಗೆ ಹೊರಗೆ ಜನ ಕೂಗ್ಕೊಂಡು ಬಂದ್ರು. ಟೈಲರಣ್ಣನ ಹೆಂಡ್ತಿ, ಟೈಲರಣ್ಣನ ಹೆಂಡ್ತಿ ಅಂತ.

ಸುಟ್ಟೆ ಅಣ್ಣ. ಎಣ್ಣೆ ಒರೆಸೋ ಬಟ್ಟೆಗಳ ಜೊತೆ ಸುಟ್ಟುಬಿಟ್ಟೆ. ಪೊಲೀಸ್ನೋರು ಬಂದು, ಯಾವ್ದಾದ್ರೂ ಗಾಡಿ ರಿಪೇರಿಗೆ ಬಂದಿತ್ತಾ ಅಂತ ಕೇಳಿದ್ರಲ್ಲ, ಇಲ್ಲ ಅಂದೆ. ನೀನು ನನ್ನ ಭುಜ ಹಿಡ್ಕೊಂಡು ನಿಂತಿದ್ದೆ.

ನಡಿ, ಠಾಣೆಗೆ ಹೋಗೋಣ. ಈಗ್ಲೇ ನಡಿ, ಎಲ್ಲ ಹೇಳ್ತೀನಿ. ಆದ್ರೆ ಅಲ್ಲಿ ತೋರ್ಸೋಕೆ ಏನಿದೆ… ಗಾಡಿ ಗುಜರಿಗೆ ಹೋಯ್ತು. ಬಟ್ಟೆ ಬೂದಿ. ಅವನು ನಾನಲ್ಲ, ನಂಗೊತ್ತೇ ಇಲ್ಲ ಅಂತಾನೆ. ತಂಗಿ ನನ್ನ ಮುಖದ ಮೇಲೆ ಬಾಗಿಲು ಹಾಕ್ತಾಳೆ. ಹಾಕ್ಲಿ. ಏಳು. ಏಳಣ್ಣ… ಯಾಕೆ ಏಳ್ತಿಲ್ಲ ನೀನು? ಯಾಕೆ ಹಾಗೆ ನನ್ನ ಬಾಯನ್ನೇ ನೋಡ್ತಾ ಇದ್ದೀಯ? ಎಲ್ಲ ಹೇಳ್ದೆನಲ್ಲ. ಇನ್ನೇನೂ ಇಲ್ಲ. ದೇವ್ರಾಣೆ ಇನ್ನೇನೂ…

ಎಷ್ಟು ಗಂಟೇಗಾ? ಯಾವ್ದು… ಅವನು ಬಂದಿದ್ದಾ? ನೀನು ಕೇಳ್ಲಿಲ್ಲ, ಸರಿ, ನೀನೇನೂ ಕೇಳ್ಲಿಲ್ಲ. ನಿನ್ನ ಕಣ್ಣು ಕೇಳ್ತಿದೆ.

ಆರು ಗಂಟೆ. ಜನ ಅತ್ತಿಗೇನ ತಿರುವಿನ ಮೋರೀಲಿ ನೋಡಿದ್ದು ಏಳೂವರೆಗೆ. ನಾಯಿ ಅಂತ ಅವನು ಹೇಳ್ಲಿಲ್ಲ ಅಣ್ಣ. ಅದು ನಾನು ಕಟ್ಟಿದ್ದು. ಯಾರೋ ಹೆಂಗಸು ಅಂದ. ಇನ್ನೂ ಕೈ ಆಡಿಸ್ತಿದ್ಲು, ಅಂದ. ಆ ತಿರುವು ನನ್ನ ಶೆಡ್ಡಿಂದ ಎಷ್ಟು ದೂರ… ಓಡಿದ್ರೆ ಐದು ನಿಮಿಷ. ಆಸ್ಪತ್ರೆಗೆ ಒಂದು ಫೋನು ಮಾಡಿದ್ರೂ ಆಗ್ತಿತ್ತು. ಹೆಸರು ಹೇಳ್ದೇನೇ ಮಾಡ್ಬಹುದಿತ್ತು.

ನಿನ್ನೋರು ಅಂತ ಗೊತ್ತಿರ್ಲಿಲ್ಲ ಅಣ್ಣ. ನಂಬು. ಬೇರೆ ಯಾರದೋ ಮನೆಯೋರು ಅಂದ್ಕೊಂಡು… ಬೇರೆ ಯಾರೋ ಅಂದ್ಕೊಂಡು ಶೆಡ್ ಬಾಗಿಲು ಹಾಕ್ಕೊಂಡೆ.