ಧಾರೆಗೆ ಸೋದರಮಾವ

“ಅವಳಪ್ಪನನ್ನು ಕೊಂದ ಕೈಯಲ್ಲಿ ಅವಳ ಕೈ ಹಿಡಿದು ಮಂಟಪಕ್ಕೆ ಕರ್ಕೊಂಡು ಬರ್ತೀಯಾ? ನಾಚಿಕೆ ಉಂಟಾ ನಿನಗೆ, ಮುರಾರಿ?”

ನವಿ ಮುಂಬಯಿಯ ನೆರೂಳಿನ ಟೈಲರ್ ಅಂಗಡಿಯಲ್ಲಿ ರವಿಕೆಗೆ ಕಾಯುತ್ತಿದ್ದ ಜಯಲತಾ ಬೆಚ್ಚಿ ತಿರುಗಿದಳು. ಕಿರುಚಿದವಳು ಅದೇ ಬೆಂಚಿನಲ್ಲಿದ್ದ ಹೆಂಗಸು. ಎದುರಿಗೆ ನಿಂತ ನರೆಗೂದಲಿನವನು ತಲೆಯೆತ್ತಲಿಲ್ಲ.

“ಮೆಲ್ಲ ಮಾತಾಡಕ್ಕ. ಜನ ಇದ್ದಾರೆ.”

“ಇರ್ಲಿ! ಇಲ್ಲಿ ಯಾರಿಗೆ ಕನ್ನಡ ಬರ್ತದೆ?”

ಜಯಲತಾ ಮೊಬೈಲಿನೊಳಗೆ ಮುಖ ಹುದುಗಿಸಿದಳು.

“ಕೈ ಹಿಡಿಯುವುದು ಬೇಡ. ಸೋದರಮಾವ ಅಂತ ಕರೆಯುವುದೂ ಬೇಡ. ಕಡೇ ಪಂಕ್ತಿಗೆ ಸಾರು ಬಡಿಸಿ ಹೋಗ್ತೇನೆ.”

“ಭಾವನೊಟ್ಟಿಗೆ ಹೋಟೆಲ್ ನೋಡಿಕೋ ಅಂತ ಊರಿಂದ ಕರೆಸಿದವಳು ನಾನು. ನೀನು ಕುಡಿದು ಬಂದು ಅವರನ್ನೇ ಗ್ರೈಂಡರಿನ ಮೇಲೆ ದೂಡಿದೆ.”

“ಜೈಲಿನಲ್ಲಿ ಕಣ್ಣು ಮುಚ್ಚಿದರೆ ಅದೇ, ಅಕ್ಕ. ಕ್ಷಮಿಸು ಅನ್ಲಿಕ್ಕೂ ಬಾಯಿ ಬರ್ಲಿಲ್ಲ.”

ಹೆಂಗಸು ಸೆರಗಿನಿಂದ ಮೂಗೊರೆಸಿಕೊಂಡಳು. ದನಿ ಇಳಿದಿತ್ತು.

“ಶ್ರೀಲಕ್ಷ್ಮಿ ಕೇಳಿದ್ಳು, ಅಮ್ಮ, ನನ್ನ ಧಾರೆಗೆ ಮಾವ ಬರ್ತಾರಾ ಅಂತ.”

“ಅವಳಾಗಿಯೇ?”

“ಹೂಂ. ಅವಳ ಸಿಟ್ಟು ಇಳಿದಿದೆ ಮಾರಾಯ. ನನ್ನದೇ ಇಳಿಯುವುದಿಲ್ಲ. ನೀನು ಅಲ್ಲಿ ನಿಂತರೆ ನನಗೆ ಅವರು ಇಲ್ಲದ್ದೇ ಕಾಣ್ತದೆ. ಮದುವೆ ಕಾಣುವುದಿಲ್ಲ.”

“ಕೇಳಿದ್ಳಲ್ಲ. ಅಷ್ಟು ಸಾಕು. ನಾನು ಬರುವುದಿಲ್ಲ ಅಕ್ಕ. ನೀನು ಮದುವೆ ನೋಡು.”

ಅವನು ಹೊರಗೆ ಹೋಗಿ ಚಪ್ಪಲಿ ಮೆಟ್ಟಿ, ಸ್ಟೇಷನ್ ಕಡೆಯ ಜನರಲ್ಲಿ ಸೇರಿಹೋದ.

“ತಾಯೀ, ಮದುವಣಗಿತ್ತಿಯ ರವಿಕೆ ತಯಾರು,” ಎಂದು ಟೈಲರ್ ಮರಾಠಿಯಲ್ಲಿ ಕರೆದ. ಹೆಂಗಸು ಏಳಲಿಲ್ಲ. ಜಯಲತಾಳಿಗೆ ಮುಂದೆ ಹೋಗೆಂದು ಕೈಸನ್ನೆ ಮಾಡಿದಳು. ಆಮೇಲೆ ಬಂದವರನ್ನೂ ಮುಂದೆ ಬಿಟ್ಟು, ರಸ್ತೆಯನ್ನೇ ನೋಡುತ್ತ ಕುಳಿತಳು. ಅವನು ತಿರುಗಿ ಬರಲಿಲ್ಲ.