ವ್ಯಾನಿಗೆ ಬಂದ ಜ್ವರ

ಇದನ್ನು ನನಗೆ ಮೊದಲು ಹೇಳಿದವಳು ನನ್ನ ಚಿಕ್ಕಮ್ಮನ ಮಗಳು. ಅವಳು ಸುಳ್ಳೇ ಹೇಳುವುದಿಲ್ಲ ಅಂತ ನಾನು ಆಣೆ ಇಡಲಾರೆ. ತನ್ನ ವಯಸ್ಸು, ಮಗಳ ಅಂಕ, ಈ ಎರಡರಲ್ಲಿ ಧಾರಾಳವಾಗಿ ಹೇಳುತ್ತಾಳೆ. ಆದರೆ ಇದನ್ನು ಹೇಳುವಾಗ ನನಗೆ ಲೈಟು ಆರಿಸಲು ಬಿಡಲಿಲ್ಲ. ಅದಕ್ಕೇ ನಂಬಿದೆ.

ಅವಳದು ಆಸ್ಪತ್ರೆಯ ಹಾಸು ಹೊದಿಕೆಗಳನ್ನು ಒಗೆದು ಕೊಡುವ ಕಸುಬು. ರಾತ್ರಿ ಒಗೆದ ಗಂಟು ಕೊಟ್ಟು, ಕೊಳೆ ಗಂಟು ತರಬೇಕು. ಅದಕ್ಕೆಂದೇ ಒಂದು ಹಳೇ ವ್ಯಾನು ಕೊಂಡಿದ್ದಳು. ವಯಸ್ಸಿನಲ್ಲಿ ಅವಳಿಗಿಂತ ಸ್ವಲ್ಪ ಚಿಕ್ಕದು, ಅವಳಷ್ಟೇ ಗೊಣಗುವಂಥದ್ದು. ಒಂದು ರಾತ್ರಿ ಗಂಟು ತಲುಪದಿದ್ದರೂ ಆಸ್ಪತ್ರೆಯವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಇಂಜಿನ್ ಆರಿದರೆ ಮನೆಯ ಒಲೆ ಆರಿದ ಹಾಗೆ.

ಮೊದಲ ಸಲ ಅದಾದಾಗ ಅವಳು ವಾಪಸ್ ಬರುತ್ತಿದ್ದಳು. ಒಂದು ತಿರುವು. ತಿರುವಿನಲ್ಲಿ ಕಲ್ಲುಚಪ್ಪಡಿ ಮುಚ್ಚಿದ ಬಾವಿ. ಅಲ್ಲಿಗೆ ಬಂದದ್ದೇ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ನಡು ದಾಟಿತು. ಕೆಂಪು ಗೆರೆ ಮುಟ್ಟಿತು. "ಮುಳ್ಳು ಏರಿದ್ರೆ ಒಂದು ಮಾರೂ ಮುಂದೆ ಹೋಗಬೇಡಿ" ಅಂತ ಮೆಕ್ಯಾನಿಕ್ ಹೇಳಿದ್ದ. ನಿಲ್ಲಿಸಿದಳು. ಇಳಿದು ಬಾನೆಟ್ ಮೇಲೆ ಅಂಗೈ ಇಟ್ಟಳು.

ಉಗುರುಬೆಚ್ಚಗಿತ್ತು. ಅಷ್ಟೇ.

ಆವಿ ಇಲ್ಲ. ಸುಟ್ಟ ವಾಸನೆ ಇಲ್ಲ. ಆದರೂ ಯಾಕೆ ಬೇಕು ಅಂತ ಗಾಡಿ ಅಲ್ಲೇ ಬಿಟ್ಟು ಮನೆ ಕಡೆ ನಡೆದಳು. ಬೆನ್ನ ಹಿಂದೆ ಇಂಜಿನ್ ಆರುವ ಸದ್ದು. ಟಿಕ್... ಟಿಕ್... ಟಿಕ್...

"ಆಮೇಲೆ ಬೇಗ ಬೇಗ ಆಯ್ತು ಕಣೇ," ಅಂದಳು. "ಟಿಕ್ ಟಿಕ್ ಟಿಕ್... ಆಮೇಲೆ ಕಟಕಟಕಟ..."

"ಕಬ್ಬಿಣ ತಣ್ಣಗಾಗೋವಾಗ ಹಾಗೇ ಅಲ್ವೇನೇ?"

"ತಣ್ಣಗಾಗೋವಾಗ ನಿಧಾನ ಆಗುತ್ತೆ. ಜೋರಾಗಲ್ಲ." ಲೈಟು ಉರಿಯುತ್ತಿದೆಯೇ ಅಂತ ನೋಡಿಕೊಂಡಳು. "ಅದು ಹಲ್ಲಿನ ಸದ್ದು. ಚಳಿ ಹಿಡಿದವರ ಹಲ್ಲು."

ಬೆಳಿಗ್ಗೆ ಹೋಗಿ ನೋಡಿದರೆ ಮುಳ್ಳು ಇಳಿದು ಸಾಧುವಾಗಿ ಮಲಗಿತ್ತು. ಗಾಡಿಯನ್ನು ಸೀದಾ ಮೆಕ್ಯಾನಿಕ್ ಹತ್ತಿರ ತಂದಳು. ಅವನಿಗೆ ಎಲ್ಲರೂ 'ಡಾಕ್ಟ್ರು' ಅನ್ನುತ್ತಾರೆ. ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಅದರ ಎದೆಬಡಿತ ಕೇಳುತ್ತಾನೆ. ನೀರು ನೋಡಿದ, ತುಂಬಿತ್ತು. ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಬದಲಿಸಿದ. ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಬಿಡಿಸಿದ. ಹಗಲೆಲ್ಲ ಎಲ್ಲ ಸರಿ. ಸಂಜೆಯಾಗುತ್ತಲೂ ಮುಳ್ಳು ಏರಿತು. ಇಳಿಯಿತು. ಮತ್ತೆ ಏರಿತು.

"ವೈರು ಎಲ್ಲೋ ಗಾಡಿಯ ಕಬ್ಬಿಣಕ್ಕೆ ತಾಗ್ತಿದೆ," ಅಂದ. "ತಾಗಿದ್ರೆ ಮುಳ್ಳು ಛಂಗನೆ ಹಾರಬೇಕು. ಇದ್ಯಾಕೆ ಹೀಗೆ ತೆವಳುತ್ತೆ?" ಅಂತ ಗೊಣಗುತ್ತಲೇ ಮೀಟರಿನ ಹಿಂದೆ ಕೈ ಹಾಕಿ, ಬಿಸಿಯ ಸುದ್ದಿ ತರುವ ಆ ವೈರನ್ನೇ ಕಳಚಿ ಹಿಡಿದ. "ನೋಡಿ ಅಕ್ಕ. ಇನ್ನು ಮುಳ್ಳು ಸತ್ತ ಹಾಗೆ. ಅಲ್ಲಾಡೋ ಹಾಗೇ ಇಲ್ಲ."

ವೈರು ಅವನ ಕೈಯಲ್ಲಿತ್ತು.

ಮುಳ್ಳು ಏರಿತು.

"ಮೀಟರೇ ಕೆಟ್ಟಿರುತ್ತೆ," ಅಂದ ಡಾಕ್ಟ್ರು.

ಆಗ ನನ್ನ ಚಿಕ್ಕಮ್ಮ ಎದ್ದಳು. ಆಯುಷ್ಯವೆಲ್ಲ ವಾರ್ಡುಗಳಲ್ಲಿ ನರ್ಸಾಗಿ ದುಡಿದವಳು. ಡಾಕ್ಟರು ಅನ್ನಿಸಿಕೊಂಡ ಯಾರನ್ನೂ ನಂಬದವಳು, ಹಾಗಾಗಿ ಮಗಳ ಜೊತೆ ಬಂದಿದ್ದಳು. ವ್ಯಾನಿನೊಳಗೆ ಕೂತು ಆ ಮುಳ್ಳನ್ನೇ ನೋಡಿದಳು. ಕತ್ತಲಾಗುವವರೆಗೂ ನೋಡಿದಳು.

"ಮೊದಲು ಹಲ್ಲು ಕಟಕಟ. ಆಮೇಲೆ ಏರುತ್ತೆ. ಆಮೇಲೆ ಇಳಿಯುತ್ತೆ, ಇಳಿಯೋವಾಗ ಗಾಜೆಲ್ಲ ಒಳಗಿನಿಂದ ಬೆವರುತ್ತೆ..." ಅಂದಳು. "ಚಳಿ, ಕಾವು, ಬೆವರು. ಸಂಜೆ ಹೊತ್ತಿಗೇ ಏರೋದು. ಇದು ಇಂಜಿನ್ ರೋಗ ಅಲ್ಲ ಕಣಯ್ಯ. ಜ್ವರ."

"ಗಾಡಿಗೆ ಜ್ವರಾನಾ ಅಮ್ಮ?" ಅಂದ ಡಾಕ್ಟ್ರು.

"ಗಾಡಿಗಲ್ಲ." ದನಿ ತಗ್ಗಿಸಿದಳು. "ಇದರಲ್ಲಿ ಯಾರನ್ನ ಮಲಗಿಸಿದ್ರು?"

ಡಾಕ್ಟ್ರು ಕೈ ಒರೆಸಿಕೊಳ್ಳುತ್ತಲೇ ಇದ್ದ. ಕೈಯಲ್ಲಿ ಮಸಿಯೇ ಉಳಿದಿರಲಿಲ್ಲ. ಆಮೇಲೆ ಪಿಸುಗುಟ್ಟಿದ. ವ್ಯಾನಿನ ಹಿಂದಿನ ಮಾಲೀಕ, ಜ್ವರ ಬಂದ ಮಗುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದ. ಬಾವಿ ಹತ್ತಿರ ಮುಳ್ಳು ಏರಿತು. ನಿಲ್ಲಿಸಿದ. ಇಂಜಿನ್ ತಣ್ಣಗಾಗಲಿ ಅಂತ ಕಾದ. ತಣ್ಣಗಾಯಿತು. ಮಗುವೂ...

"ಮುಳ್ಳು ಏರಿದ್ರೆ ಮುಂದೆ ಹೋಗಬೇಡ ಅಂತ ಅವನಿಗೂ ನಾನೇ ಹೇಳಿದ್ದು," ಅಂದ.

ಏನೇ ಆದರೂ ಆ ರಾತ್ರಿಯ ಗಂಟು ತಲುಪಿಸಲೇಬೇಕಿತ್ತು. ತಾಯಿ ಮಗಳು ಇಬ್ಬರೇ ಹೊರಟರು. ವೈರು ಕಳಚಿದ್ದು ಕಳಚಿದಂತೇ ಇತ್ತು. ತಿರುವು ಬಂತು. ಬಾವಿ ಬಂತು. ಮುಳ್ಳು ಕೆಂಪಿಗೆ ಹೋಯಿತು. ಹಿಂದೆ, ಒಗೆದ ಹೊದಿಕೆಗಳ ನಡುವೆ... ಕಟಕಟಕಟ.

ಅವಳ ಕಾಲು ಬ್ರೇಕಿನ ಮೇಲೆ ಹೋಯಿತು.

"ನಿಲ್ಲಿಸಬೇಡ."

"ನಿಜವಾಗ್ಲೂ ಕಾದಿದ್ರೆ? ಇಂಜಿನ್ ಹೋಗುತ್ತಮ್ಮ. ನಾಳೆ ಏನು ತಿನ್ನೋದು?"

"ನಾಳೇದು ನಾಳೆ. ಹೀಟರ್ ಹಾಕು."

"ಈ ಸೆಕೇಲಿ?"

"ನಡುಗ್ತಾ ಇದೆ ಕಣೇ ಮಗು..."

ಹಾಕಿದಳು. (ಇಂಜಿನ್ ಕಾದಾಗಲೂ ಹೀಟರನ್ನೇ ಹಾಕಬೇಕಂತೆ, ಅದು ಒಳಗಿನ ಶಾಖ ಎಳೆದುಕೊಳ್ಳುತ್ತದಂತೆ. ಆ ಒಂದು ವಿಷಯದಲ್ಲಿ ಮೆಕ್ಯಾನಿಕ್ಕಿಗೂ ನರ್ಸಿಗೂ ಜಗಳವಿಲ್ಲ.) ಬುಸ್ಸೆಂದು ಬಿಸಿಗಾಳಿ ಬಂತು. ಹಲ್ಲಿನ ಸದ್ದು ನಿಧಾನವಾಯಿತು. ಟಿಕ್... ಟಿಕ್... ಮುಳ್ಳು ಮಾತ್ರ ಇಳಿಯಲಿಲ್ಲ. ಕೆಂಪು ದಾಟಿ, ಇನ್ನು ಹೋಗಲು ಜಾಗವಿಲ್ಲದೆ ಅದುರುತ್ತಿತ್ತು. ಸುಟ್ಟ ವಾಸನೆ ಬಂತೋ, ಬಂದ ಹಾಗೆ ಅನಿಸಿತೋ... ಅವಳು ನಿಲ್ಲಿಸಲಿಲ್ಲ. ದಿನಾ ಗಂಟು ಇಳಿಸುವ ಹಿತ್ತಲ ಬಾಗಿಲನ್ನೂ ದಾಟಿ, ತುರ್ತು ಚಿಕಿತ್ಸೆಯ ಬಾಗಿಲಿಗೇ ತಂದು ನಿಲ್ಲಿಸಿದಳು.

ಇಬ್ಬರೂ ಹಿಂದೆ ತಿರುಗಲಿಲ್ಲ.

ಪಕ್ಕದ ಜಾರುಬಾಗಿಲು ತಾನಾಗಿ ಸರಿಯಿತು. ಕರ್ರ್ರ್... ಟಕ್. ಸೀಟಿನ ಸ್ಪ್ರಿಂಗು ಕುಂಯ್ ಅಂದಿತು, ಒಂದೇ ಸಲ. ಆಮೇಲೆ ಏನಿಲ್ಲ.

ಕಾವಲುಗಾರ ಟಾರ್ಚು ಹಿಡಿದು ಬಂದ. "ಏನ್ರಮ್ಮ, ಅಷ್ಟು ಚಿಕ್ಕ ಮಗೂನ ಬರಿಗಾಲಲ್ಲಿ ಒಳಗೆ ಕಳಿಸೋದಾ?" ಅಂತ ಬೈದ.

ಚಿಕ್ಕಮ್ಮ ಇಳಿದು, ತೆರೆದಿದ್ದ ಜಾರುಬಾಗಿಲನ್ನು ಮೆಲ್ಲಗೆ ಮುಚ್ಚಿದಳು.

ಇಂಜಿನ್ನಿಗೆ ಏನೂ ಆಗಿರಲಿಲ್ಲ. ಕಸುಬು ಇವತ್ತಿಗೂ ನಡೆಯುತ್ತಿದೆ. ಡಾಕ್ಟ್ರು ಈಗ ಗಿರಾಕಿಗಳಿಗೆ 'ಮುಳ್ಳು ಏರಿದ್ರೆ ನಿಲ್ಲಿಸಿ' ಅನ್ನುವ ಮೊದಲು, 'ಹಿಂದೆ ಯಾರಿರ್ತಾರೆ?' ಅಂತ ಕೇಳುತ್ತಾನಂತೆ. ಆ ವ್ಯಾನನ್ನು ಮಾತ್ರ ಮತ್ತೆ ಮುಟ್ಟಲಿಲ್ಲ.

ನಾನು ನಾಲ್ಕಕ್ಷರ ಓದಿದವಳು. ಬರೀ ಬಾಯಿಮಾತನ್ನು ನಂಬಬಾರದು ಅಂತ, ಹೋದ ತಿಂಗಳು ಆ ವ್ಯಾನಿನಲ್ಲಿ ಕೂತು ಮೀಟರಿನ ಹಿಂದೆ ಕೈ ಹಾಕಿ ತಡಕಿ ನೋಡಿದೆ. ನಡೆದದ್ದು ನಿಜ. ನೀವೂ ಯಾರಿಗಾದರೂ ಹೇಳಿ, ಅದರಲ್ಲೂ ರಾತ್ರಿ ಹಳೇ ಗಾಡಿ ಓಡಿಸುವವರಿಗೆ. ಬೇಕಾದರೆ ನನ್ನನ್ನು ಬಿಡಿ, ಚಿಕ್ಕಮ್ಮನನ್ನೂ ಬಿಡಿ, ಆದರೆ ಇದೊಂದನ್ನು ಬಿಡದೆ ಹೇಳಿ... ವೈರು ಇನ್ನೂ ಕಳಚಿಯೇ ಇದೆ. ಆದರೂ ಮುಳ್ಳು, ಜ್ವರ ಬಿಟ್ಟವರ ಮೈಯಂತೆ, ಸರಿಯಾಗಿ ನಡುವಿನಲ್ಲಿದೆ.